ಏಳು ದಿನದ ನೆಗಡಿ

ಆರೋಗ್ಯ ಕಚೇರಿಯ ಎರಡನೇ ಮಹಡಿಯಲ್ಲಿ, ಹಳೇ ಕಡತಗಳ ಕೋಣೆಗೂ ಕೈ ತೊಳೆಯುವ ಜಾಗಕ್ಕೂ ನಡುವೆ, ಬಾಗಿಲ ಮೇಲೆ ಫಲಕವಿಲ್ಲದ ಒಂದು ಕೋಣೆಯಿತ್ತು. ಫಲಕ ಇದ್ದರೆ ಜನ ಒಳಗೆ ಕಾಲಿಡಲು ನಾಚುತ್ತಾರೆಂದು ಮೇಲಿನವರು ತೆಗೆಸಿದ್ದರು. ತೆಗೆಸಿದ ಮೇಲೆ ಜನಕ್ಕೆ ಕೋಣೆಯೇ ಸಿಗದಾಯಿತು. ಹಾಗಾಗಿ ಅಲ್ಲಿಯ ಕೆಲಸವೆಲ್ಲ ಫೋನಿನಲ್ಲೇ ನಡೆಯುತ್ತಿತ್ತು. ಎರಡು ಮೇಜು, ಎರಡು ಫೋನು, ಇಬ್ಬರು ಹೆಂಗಸರು. ಕಿಟಕಿ ಪಕ್ಕದ ಮೇಜಿನಲ್ಲಿ ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ದೊಡ್ಡ ಸಿಸ್ಟರು; ಬಾಗಿಲ ಪಕ್ಕದ ಮೇಜಿನಲ್ಲಿ ಜೇನಮ್ಮ.

ಜೇನಮ್ಮ ಅನ್ನುವುದು ಕಚೇರಿಯವರು ಇಟ್ಟ ಹೆಸರು. ದನಿ ಹಾಗಿತ್ತು. ಊರಿನ ಯಾವುದೇ ಕ್ಲಿನಿಕ್ಕಿನಲ್ಲಿ ಯಾರಿಗಾದರೂ ಕ್ಲಮೈಡಿಯಾ ಎಂಬ ಲೈಂಗಿಕ ಸೋಂಕು ಇದೆಯೆಂದು ಗೊತ್ತಾದರೆ, ಡಾಕ್ಟರು ಮಾತ್ರೆ ಬರೆದುಕೊಟ್ಟ ಮೇಲೆ ಒಂದು ಪ್ರಶ್ನೆ ಕೇಳುತ್ತಿದ್ದರು: ಈ ನಡುವೆ ನಿಮ್ಮ ಜೊತೆ ಮಲಗಿದವರಿಗೆ ನೀವೇ ಹೇಳ್ತೀರಾ, ನಾವು ಹೇಳೋಣವಾ? ಹತ್ತರಲ್ಲಿ ಆರು ಜನ ನೆಲ ನೋಡಿಕೊಂಡು "ನೀವೇ ಹೇಳಿ" ಅನ್ನುತ್ತಿದ್ದರು. ಹೆಸರು ಬೇಡ, ನಂಬರು ಸಾಕು. ಆ ನಂಬರು ಒಂದು ಚೀಟಿಯಲ್ಲಿ ಜೇನಮ್ಮನ ಮೇಜಿಗೆ ಬರುತ್ತಿತ್ತು. ಕೊಟ್ಟವರು ಯಾರೆಂದು ಅವಳಿಗೂ ಗೊತ್ತಿರುತ್ತಿರಲಿಲ್ಲ.

"ನಮಸ್ಕಾರ. ಆರೋಗ್ಯ ಕಚೇರಿಯಿಂದ ಮಾತಾಡ್ತಿದ್ದೀನಿ. ಎರಡು ನಿಮಿಷ ಒಬ್ಬರೇ ಇರೋ ಕಡೆ ಬರೋಕೆ ಆಗುತ್ತಾ?"

ಇಷ್ಟು ಹೇಳಿ ಅವಳು ಸುಮ್ಮನಾಗುತ್ತಿದ್ದಳು. ಆ ಕಡೆಯಿಂದ ಬರುವ ಮಾತು ಒಂಬತ್ತು ವರ್ಷದಲ್ಲಿ ಅವಳಿಗೆ ಬಾಯಿಪಾಠವಾಗಿತ್ತು. ರಾಂಗ್ ನಂಬರ್ ಎಂದು ಇಟ್ಟು ಐದು ನಿಮಿಷಕ್ಕೆ ತಾವೇ ವಾಪಸು ಮಾಡುವವರು. ಯಾರು ನನ್ನ ನಂಬರ್ ಕೊಟ್ಟಿದ್ದು ಎಂದು ಜಗಳಕ್ಕೆ ಬರುವವರು. ನಮ್ಮ ಆಫೀಸಿನ ಟಾಯ್ಲೆಟ್ಟೇ ಸರಿಯಿಲ್ಲ ಮೇಡಂ ಎನ್ನುವವರು. ನನಗೆ ಏನೂ ತೊಂದರೆಯೇ ಇಲ್ಲವಲ್ಲ, ಕಲ್ಲುಗುಂಡಿನ ಹಾಗಿದ್ದೀನಿ ಎನ್ನುವವರು. ಎಲ್ಲರಿಗೂ ಅವಳು ಒಂದೇ ಸಮನೆ ಹೇಳುತ್ತಿದ್ದಳು: ಟಾಯ್ಲೆಟ್ಟಿನಿಂದ, ಟವೆಲ್ಲಿನಿಂದ, ಈಜುಕೊಳದಿಂದ ಇದು ಬರುವುದಿಲ್ಲ. ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಹೆಂಗಸರಿಗಂತೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರುತ್ತದೆ. ಅದಕ್ಕೇ ಯಾರಿಂದ ಯಾರಿಗೆ ಬಂತು ಎಂದು ಲೆಕ್ಕ ಹಾಕಿ ಪ್ರಯೋಜನವಿಲ್ಲ. ಪರೀಕ್ಷೆ ಮಾಡಿಸಿ, ಒಂದು ವಾರ ಮಾತ್ರೆ ನುಂಗಿ, ಮುಗೀತು.

ಹೀಗೆ ಅವಳು ಕರೆದ ಹತ್ತು ಜನರಲ್ಲಿ ಎಂಟು ಜನ ಬಂದೇ ಬರುತ್ತಿದ್ದರು. ದೊಡ್ಡ ಸಿಸ್ಟರು ಕರೆದರೆ ಐದು ಜನ. "ನಾನು ಮಾತಾಡಿದ್ರೆ ಪೊಲೀಸ್ ಸ್ಟೇಷನ್ನಿಂದ ಮಾಡ್ದಂಗಿರುತ್ತೆ" ಎಂದು ಸಿಸ್ಟರೇ ಒಪ್ಪಿಕೊಳ್ಳುತ್ತಿದ್ದರು.

ಆ ಮಂಗಳವಾರ ಬೆಳಿಗ್ಗೆ ಜೇನಮ್ಮ ನಾಲ್ಕನೇ ಚೀಟಿ ಎತ್ತಿಕೊಂಡು, ದೊಡ್ಡ ಸಿಸ್ಟರ ಮೊಮ್ಮಗಳ ಹಲ್ಲಿನ ಕತೆ ಕೇಳುತ್ತಾ, ನೋಡಿಯೂ ನೋಡದಂತೆ ನಂಬರು ಒತ್ತಿದಳು. ಆ ಕಡೆ ಗಂಟೆ ಹೊಡೆಯತೊಡಗಿತು. ಈ ಕಡೆ ಕೋಣೆಯಲ್ಲೂ ಒಂದು ಫೋನು ಹೊಡೆದುಕೊಳ್ಳತೊಡಗಿತು.

"ಯಾರದ್ದೋ ಫೋನ್ ಬಾಯಿ ಬಡ್ಕೋತಾ ಇದೆ, ನೋಡ್ರೀ ಸಿಸ್ಟರ್" ಎಂದಳು ಜೇನಮ್ಮ.

"ನಿಂದೇ ಕಣಮ್ಮ. ನಿನ್ನ ಬ್ಯಾಗಿಂದ ಬರ್ತಿದೆ."

ಎಡಗೈಯಲ್ಲಿ ರಿಸೀವರ್ ಹಿಡಿದುಕೊಂಡೇ ಬಲಗೈಯಲ್ಲಿ ಬ್ಯಾಗು ತಡಕಿ ಫೋನು ತೆಗೆದಳು. ಅದರ ಮೇಲೆ ಕಚೇರಿಯ ನಂಬರು ಮಿನುಗುತ್ತಿತ್ತು. ಅವಳು ಚೀಟಿ ನೋಡಿದಳು. ಫೋನು ನೋಡಿದಳು. ಮತ್ತೆ ಚೀಟಿ ನೋಡಿದಳು. ತನ್ನ ನಂಬರನ್ನು ಬೇರೆಯವರ ಅಕ್ಷರದಲ್ಲಿ ಅವಳು ನೋಡಿದ್ದು ಅದೇ ಮೊದಲು. ರಿಸೀವರ್ ಇಟ್ಟಳು, ಕೈಯಲ್ಲಿದ್ದ ಫೋನು ತಣ್ಣಗಾಯಿತು.

"ಯಾರದು?" ಎಂದರು ಸಿಸ್ಟರು.

"ನನ್ನ ಅಕ್ಕ" ಎಂದಳು ಜೇನಮ್ಮ. ಒಂಬತ್ತು ವರ್ಷದಿಂದ ಬೇರೆಯವರ ಸುಳ್ಳು ಕೇಳಿ ಕೇಳಿ ನುರಿತಿದ್ದಳಲ್ಲ, ತನ್ನದೊಂದು ಸಲೀಸಾಗಿ ಬಂತು.

ನಿಯಮದ ಪ್ರಕಾರ ಪರಿಚಯದವರ ನಂಬರು ಬಂದರೆ ಚೀಟಿಯನ್ನು ಇನ್ನೊಬ್ಬರಿಗೆ ದಾಟಿಸಬೇಕು. ಆ ನಿಯಮ ಬರೆದವರು ಇಂಥದ್ದನ್ನು ಯೋಚಿಸಿರಲಿಲ್ಲ. ಜೇನಮ್ಮ ರಿಜಿಸ್ಟರ್ ತೆರೆದು, ಆ ನಂಬರಿನ ಎದುರು 'ವಿಷಯ ತಿಳಿಸಲಾಗಿದೆ' ಎಂಬ ಕಾಲಮ್ಮಿನಲ್ಲಿ ಗುರುತು ಹಾಕಿದಳು. 'ಪರೀಕ್ಷೆಗೆ ಒಪ್ಪಿದ್ದಾರೆ' ಎಂಬ ಕಾಲಮ್ಮಿನ ಮುಂದೆ ಪೆನ್ನು ಕೊಂಚ ಹೊತ್ತು ನಿಂತಿತು. ಆಮೇಲೆ ಅಲ್ಲೂ ಗುರುತು ಬಿತ್ತು. ಅಷ್ಟರ ಮಟ್ಟಿಗೆ ರಿಜಿಸ್ಟರಿನಲ್ಲಿ ಸುಳ್ಳೇನೂ ಇರಲಿಲ್ಲ.

ಇನ್ನು ನಂಬರು ಕೊಟ್ಟವರು ಯಾರೆಂದು ತಲೆ ಕೆರೆದುಕೊಳ್ಳುವ ಅಗತ್ಯವೇ ಇರಲಿಲ್ಲ. ಗಂಡನಿಂದ ಬೇರೆಯಾಗಿ ಏಳು ವರ್ಷವಾಗಿತ್ತು. ಕಳೆದ ಹದಿನೆಂಟು ತಿಂಗಳಿಂದ ಅವಳ ಜೀವನದಲ್ಲಿದ್ದದ್ದು ಒಬ್ಬರೇ, ಮಾರುಕಟ್ಟೆ ಬೀದಿಯ ಕನ್ನಡಕದಂಗಡಿಯವರು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿದ್ದ, ಐವತ್ತರ ಹೊಸ್ತಿಲಲ್ಲಿದ್ದ, ಕೈಬೆರಳುಗಳು ಸದಾ ಸ್ವಚ್ಛವಾಗಿರುತ್ತಿದ್ದ ಮನುಷ್ಯ. ಅಂಥವರು ತನಗೆ ಬಾಯಿಬಿಟ್ಟು ಹೇಳದೆ, ಯಾವುದೋ ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತು ನೆಲ ನೋಡಿಕೊಂಡು "ನೀವೇ ಹೇಳಿ" ಅಂದಿದ್ದಾರೆ!

ಅವರನ್ನು ಪೂರ್ತಿ ದೂರುವ ಹಾಗೂ ಇರಲಿಲ್ಲ. ತಾನು ಆರೋಗ್ಯ ಕಚೇರಿಯ ದಾಖಲೆ ವಿಭಾಗದಲ್ಲಿದ್ದೇನೆ ಎಂದು ಅವಳು ಅವರಿಗೆ ಹೇಳಿದ್ದಳು. ಹಿಂದೆ ಒಮ್ಮೆ ನೆಂಟರ ಮನೆಯಲ್ಲಿ ನಿಜವಾದ ಕೆಲಸ ಹೇಳಿದಾಗ, ಅವಳು ಕುಡಿದಿಟ್ಟ ಲೋಟವನ್ನು ಬೇರೆಯಾಗಿ ತೊಳೆದಿದ್ದರು. ಅಂದಿನಿಂದ ಅವಳು ದಾಖಲೆ ವಿಭಾಗಕ್ಕೆ ವರ್ಗವಾಗಿದ್ದಳು.

ಅವಳು ಗುರುವಾರ ರಜೆ ಹಾಕಿ, ಊರಿನ ಆ ತುದಿಯ ಕ್ಲಿನಿಕ್ಕಿಗೆ ಹೋದಳು. ಹತ್ತಿರದಲ್ಲೇ ಒಳ್ಳೆಯ ಕ್ಲಿನಿಕ್ ಇರುವಾಗ ಜನ ಎರಡು ಬಸ್ಸು ಬದಲಾಯಿಸಿ ಅಷ್ಟು ದೂರ ಯಾಕೆ ಹೋಗುತ್ತಾರೋ ಎಂದು ಎಷ್ಟೋ ಸಲ ನಕ್ಕಿದ್ದಳು. ಈಗ ಎರಡನೇ ಬಸ್ಸಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಕ್ಲಿನಿಕ್ಕಿನ ಸಲಹೆಗಾರ್ತಿ ಇಪ್ಪತ್ತೈದು ದಾಟದ ಹುಡುಗಿ. ಅವಳು ಮೊದಲು ಮಾಡಿದ ಕೆಲಸ ಜೇನಮ್ಮನ ಕೈಗೆ ಒಂದು ಕರಪತ್ರ ಕೊಟ್ಟದ್ದು. 'ನಾಚಿಕೆ ಬೇಡ, ಕೇಳಿ.' ಅದನ್ನು ಬರೆದದ್ದು ಜೇನಮ್ಮನೇ. ಮೂರನೇ ಸಾಲಿನಲ್ಲಿ ಒಂದು ಕಾಗುಣಿತದ ತಪ್ಪು ಹಾಗೇ ಉಳಿದಿತ್ತು.

"ಏನಾದ್ರೂ ಕೇಳೋದಿದ್ರೆ ಕೇಳಿ ಮೇಡಂ, ಸಂಕೋಚ ಪಟ್ಕೋಬೇಡಿ" ಎಂದಳು ಹುಡುಗಿ.

ಜೇನಮ್ಮ ಕೇಳುವುದಿಲ್ಲವೆಂದು ನಿರ್ಧರಿಸಿಯೇ ಬಂದಿದ್ದಳು. ಆದರೆ ಬಾಯಿ ಅವಳ ಮಾತು ಕೇಳಲಿಲ್ಲ. "ಅಲ್ಲಾ... ಈ ಟವೆಲ್ಲು, ಟಾಯ್ಲೆಟ್ಟು... ಅಪರೂಪಕ್ಕೆ ಒಂದೊಂದು ಸಲ...?"

"ಇಲ್ಲ ಮೇಡಂ. ಅದರಿಂದ ಬರಲ್ಲ. ಕರಪತ್ರದಲ್ಲಿ ಇದೆ ನೋಡಿ, ಎರಡನೇ ಪುಟ."

ಎರಡನೇ ಪುಟದಲ್ಲಿ ಇತ್ತು. ಅಡಿಗೆರೆ ಹಾಕಿಸಿದ್ದೂ ಅವಳೇ.

ಎರಡು ದಿನಕ್ಕೆ ಫಲಿತಾಂಶ ಬಂತು. ಇದೆ. ಹೊಟ್ಟೆನೋವಿಲ್ಲ, ಸ್ರಾವವಿಲ್ಲ, ಉರಿಯಿಲ್ಲ. ಕಲ್ಲುಗುಂಡಿನ ಹಾಗಿದ್ದರೂ ಇದೆ. ಡಾಕ್ಟರಮ್ಮ ಡಾಕ್ಸಿಸೈಕ್ಲಿನ್ ಬರೆದುಕೊಟ್ಟರು. ಬೆಳಿಗ್ಗೆ ಒಂದು, ಸಂಜೆ ಒಂದು, ಏಳು ದಿನ. ದೊಡ್ಡ ಲೋಟದ ತುಂಬ ನೀರು ಕುಡಿದು ನುಂಗಬೇಕು, ನುಂಗಿದ ತಕ್ಷಣ ಮಲಗಬಾರದು, ಹಾಲಿನ ಜೊತೆ ತೆಗೆದುಕೊಳ್ಳಬಾರದು, ಬಿಸಿಲಿಗೆ ಹುಷಾರು. ಏಳು ದಿನ ಮುಗಿಯುವವರೆಗೆ, ಜೊತೆಗಾರರ ಚಿಕಿತ್ಸೆಯೂ ಮುಗಿಯುವವರೆಗೆ ಕೂಡಬಾರದು. ಮೂರು ತಿಂಗಳಿಗೆ ಮತ್ತೊಮ್ಮೆ ಪರೀಕ್ಷೆ. ಜೇನಮ್ಮ ಹೊಸ ವಿಷಯ ಕೇಳುವವಳಂತೆ ತಲೆಯಾಡಿಸಿದಳು.

"ನಿಮ್ಮ ಪಾರ್ಟ್ನರಿಗೆ ನೀವು ಹೇಳ್ತೀರಾ, ನಾವು ಫೋನ್ ಮಾಡಿಸೋಣವಾ? ಕಚೇರಿಯಲ್ಲಿ ಒಬ್ಬರಿದ್ದಾರೆ, ತುಂಬಾ ನಯವಾಗಿ ಮಾತಾಡ್ತಾರೆ."

"ಬೇಡ" ಎಂದಳು ಜೇನಮ್ಮ. "ಅವರಿಗೆ ಗೊತ್ತು."

ಅಂದು ಸಂಜೆ ಅವಳೇ ಕನ್ನಡಕದವರಿಗೆ ಫೋನು ಮಾಡಿದಳು. ಅವರೇ ಬಾಯಿಬಿಡಲಿ, ಅಲ್ಲಿಯವರೆಗೆ ತಾನು ತುಟಿ ಪಿಟ್ಟೆನ್ನಬಾರದು ಎಂಬುದು ಅವಳ ಹಟ.

"ಈ ಭಾನುವಾರ ಬರೋಕಾಗಲ್ಲ. ನೆಗಡಿ. ಒಂದು ವಾರ ಬೇಕೇನೋ."

"ಅಯ್ಯೋ, ನಾನೂ ಅದೇ ಹೇಳೋಣ ಅಂತಿದ್ದೆ" ಎಂದರು ಅವರು, ತುಸು ಹೆಚ್ಚೇ ಉತ್ಸಾಹದಿಂದ. "ಸೊಂಟ ಹಿಡ್ಕೊಂಡಿದೆ. ಬಗ್ಗೋಕಾಗ್ತಿಲ್ಲ. ಡಾಕ್ಟರು ವಾರ ರೆಸ್ಟ್ ಅಂದಿದ್ದಾರೆ."

"ಬಿಸಿನೀರ ಶಾಖ ಕೊಟ್ಕೊಳ್ಳಿ."

"ನೀವು ಆವಿ ತಗೊಳ್ಳಿ."

ಇಲ್ಲದ ನೆಗಡಿಗೂ ಇಲ್ಲದ ಸೊಂಟನೋವಿಗೂ ದಿನಾ ಸಂಜೆ ಫೋನಿನಲ್ಲಿ ಉಪಚಾರ ನಡೆಯಿತು. ಬುಧವಾರ ಅವಳು ಎರಡು ಸಲ ಸೀನಿದಳು ಕೂಡ. ಗುರುವಾರ ಅವರು ಕುರ್ಚಿಯಿಂದ ಏಳುವಾಗ "ಅಮ್ಮಾ" ಎಂದದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ನಟನೆ ಚೆನ್ನಾಗಿಯೇ ಮಾಡಿದರು ಎಂದುಕೊಂಡಳು.

ಮನೆಯಲ್ಲಿ ಅಕ್ಕ ಇದ್ದಳು. ಜೇನಮ್ಮನಿಗಿಂತ ಹದಿಮೂರು ವರ್ಷಕ್ಕೆ ದೊಡ್ಡವಳು, ಗಂಡ ಸತ್ತ ಮೇಲೆ ತಂಗಿಯ ಜೊತೆಗೇ ಇದ್ದಳು. ಮುಂದಿನ ಕೋಣೆಯಲ್ಲಿ ಆರು ಹೊಲಿಗೆ ಯಂತ್ರ ಇಟ್ಟುಕೊಂಡು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು. ಮಕ್ಕಳಿರಲಿಲ್ಲ. ಅವಳಿಗೆ ಒಂದು ವಿಚಿತ್ರ ಚಟ: ಮಾತ್ರೆ ಡಬ್ಬಿಯೊಳಗೆ ಮಡಿಸಿಟ್ಟಿರುತ್ತದಲ್ಲ ಸಣ್ಣ ಅಕ್ಷರದ ಕಾಗದ, ಅದನ್ನು ಭೂತಗನ್ನಡಿ ಹಿಡಿದು ಓದುವುದು. ಪೇಪರಿಗಿಂತ ಅದೇ ಮೇಲು, ಅದರಲ್ಲಿ ಸುಳ್ಳಿರಲ್ಲ ಎನ್ನುತ್ತಿದ್ದಳು. ಜೇನಮ್ಮ ಡಬ್ಬಿಯನ್ನು ಬಟ್ಟೆಯ ಬೀರುವಿನಲ್ಲಿ ಮುಚ್ಚಿಟ್ಟಿದ್ದಳು. ಮೂರನೇ ದಿನಕ್ಕೇ ಅಕ್ಕ ಕಾಗದ ಹಿಡಿದುಕೊಂಡು ಅಡುಗೆಮನೆಗೆ ಬಂದಳು.

"ಏನೇ ಇದು ಡಾಕ್ಸಿ?"

"ಮೊಡವೆಗೆ ಅಕ್ಕ."

ಅಕ್ಕ ಕನ್ನಡಕ ಮೇಲೇರಿಸಿ ತಂಗಿಯ ಮುಖವನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು, ಗಲ್ಲ ಎತ್ತಿ ಕೆಳಗೂ ನೋಡಿದಳು. "ಎಲ್ಲಿದೆ?"

"ಬರೋ ಹಾಗಿತ್ತು."

"ನಲವತ್ತಾರಕ್ಕೆ ಮೊಡವೆ. ಹೋಗಲಿ, ಬರಿ ಹೊಟ್ಟೇಲಿ ತಗೋಬೇಡ, ಒಂದು ಲೋಟ ಹಾಲು ಕಾಯಿಸ್ಲಾ?"

"ಹಾಲು ಬೇಡ!" ಎಂದಳು ಜೇನಮ್ಮ, ಬೇಕಾದ್ದಕ್ಕಿಂತ ಜೋರಾಗಿ.

ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ಕಾಗದವನ್ನು ಮೊದಲಿದ್ದ ಗೆರೆಗಳ ಮೇಲೆಯೇ ಮಡಿಸಿದಳು. "ಇದರಲ್ಲಿ ಮೊಡವೆ ಅಂತಾನೂ ಇದೆ. ಇನ್ನೂ ಐದಾರು ಕಾಯಿಲೆ ಇದೆ. ಎಲ್ಲಾ ಓದಿದೆ. ನೀನು ಆಫೀಸಿಂದ ತಂದಿಡ್ತೀಯಲ್ಲ ಕರಪತ್ರ, ಅದನ್ನೂ ಓದಿದೀನಿ. ನನ್ನನ್ನ ಏನು ಅಂದ್ಕೊಂಡಿದೀಯ?"

ಜೇನಮ್ಮ ತೊಳೆದಿಟ್ಟ ಲೋಟವನ್ನೇ ಮತ್ತೊಮ್ಮೆ ತೊಳೆಯತೊಡಗಿದಳು.

"ಕನ್ನಡಕದವರಾ?" ಎಂದಳು ಅಕ್ಕ.

"ಹೂಂ."

"ಒಳ್ಳೆ ಮನುಷ್ಯ. ನನ್ನ ಫ್ರೇಮ್ ಎರಡು ಸಲ ಸರಿ ಮಾಡಿಕೊಟ್ಟಿದ್ದಾರೆ." ಕಾಗದವನ್ನು ತಂಗಿಯತ್ತ ಸರಿಸಿ ಕೇಳಿದಳು: "ಹೇಳಿದ್ರಾ ನಿನಗೆ?"

"ಇಲ್ಲ. ಕಚೇರಿ ಚೀಟಿ ಹೇಳ್ತು."

ಅಕ್ಕ ನಗಬಹುದೆಂದು ಜೇನಮ್ಮ ಅಂದುಕೊಂಡಳು. ಅಕ್ಕ ನಗಲಿಲ್ಲ. ಮೇಜಿನ ಮೇಲೆ ಚೆಲ್ಲಿದ್ದ ಸಕ್ಕರೆಯನ್ನು ಬೆರಳಿನಿಂದ ಒಟ್ಟುಮಾಡುತ್ತಾ ಹೇಳತೊಡಗಿದಳು.

"ನಮ್ಮ ಮದುವೆ ಆಗಿ ಎರಡನೇ ವರ್ಷ. ನಿಮ್ಮ ಭಾವ ಎಲ್ಲೋ ಕೆಲಸದ ಮೇಲೆ ಮೂರು ತಿಂಗಳು ಹೋಗಿ ಬಂದ್ರು. ಬಂದ ಮೇಲೆ ಒಂದಷ್ಟು ದಿನ ಮಾತ್ರೆ ನುಂಗಿದ್ರು. ಏನು ಅಂತ ಕೇಳಿದ್ದಕ್ಕೆ ಸುಸ್ತಿಗೆ, ಶಕ್ತಿ ಬರೋಕೆ ಅಂದ್ರು. ನನಗೂ ಸುಸ್ತಾಗ್ತಿತ್ತು. ಕೇಳಿ ಎರಡು ಇಸ್ಕೊಂಡು ನಾನೂ ನುಂಗಿದೆ. ಎರಡೇ ಎರಡು. ಆಮೇಲೆ ಒಂದು ವರ್ಷ ಕಿಬ್ಬೊಟ್ಟೆ ನೋವು ಅಂತ ಒದ್ದಾಡಿದೆ, ನಿನಗೆ ನೆನಪಿರಲ್ಲ, ನೀನು ಸ್ಕೂಲಲ್ಲಿದ್ದೆ. ಆಮೇಲೆ ಡಾಕ್ಟರುಗಳೆಲ್ಲ ನೋಡಿ ಗರ್ಭನಾಳ ಮುಚ್ಚಿಹೋಗಿದೆ, ಮಕ್ಕಳಾಗಲ್ಲ ಅಂದ್ರು. ಯಾಕೆ ಅಂದ್ರೆ, ಕೆಲವರಿಗೆ ಹಾಗಾಗುತ್ತಮ್ಮ ಅಂದ್ರು."

"ಅಕ್ಕ, ಅದು ಬೇರೆ ಕಾರಣಕ್ಕೂ—"

"ಇರಬಹುದು. ನನಗೇನು ಗೊತ್ತು? ನಿಮ್ಮ ಕರಪತ್ರ ಓದೋವರೆಗೂ ಆ ಎರಡು ಮಾತ್ರೆ ನನಗೆ ನೆನಪೂ ಇರಲಿಲ್ಲ. ಒಂಬತ್ತು ವರ್ಷದ ಹಿಂದೆ, ನೀನು ಮೊದಲನೇ ಸಲ ತಂದಿಟ್ಟಾಗ ಓದಿದೆ. ಆಗ ಅವರೂ ಇರಲಿಲ್ಲ ಕೇಳೋಣ ಅಂದ್ರೆ." ಸಕ್ಕರೆಯನ್ನು ಅಂಗೈಗೆ ಬಳಿದುಕೊಂಡು ತೊಟ್ಟಿಗೆ ಹಾಕಿ ಬಂದಳು. "ನೀನು ಫೋನಲ್ಲಿ ಅಷ್ಟು ನಯವಾಗಿ ಮಾತಾಡ್ತೀಯಂತೆ. ಆಗ ಯಾರಾದ್ರೂ ಗದರಿಸಿ ಹೇಳಿದ್ರೂ ಸಾಕಾಗಿತ್ತು ನನಗೆ. ಈಗ ನೀವಿಬ್ಬರೂ ಸುಮ್ಮನೆ ಕೂತಿದೀರಲ್ಲ, ಯಾರು ಮೊದಲು ಬಾಯಿ ಬಿಡ್ತಾರೆ ಅಂತಾನಾ?"

ಅಷ್ಟು ಹೇಳಿ ಅವಳು ಮುಂದಿನ ಕೋಣೆಗೆ ಹೋದಳು. ಐದು ನಿಮಿಷದಲ್ಲಿ ಹೊಲಿಗೆ ಯಂತ್ರದ ಸದ್ದು ಕೇಳಿಸಿತು. ಜೇನಮ್ಮ ಸಂಜೆಯ ಮಾತ್ರೆ ನುಂಗಿ, ಮಲಗಬಾರದೆಂಬ ಕಾರಣಕ್ಕೆ ಅರ್ಧ ಗಂಟೆ ಅಡುಗೆಮನೆಯಲ್ಲೇ ನಿಂತಿದ್ದಳು.

ಮಾತ್ರೆ ಮುಗಿದ ಮರುದಿನ ಮಧ್ಯಾಹ್ನ ಅವಳು ಕನ್ನಡಕದಂಗಡಿಗೆ ಹೋದಳು. ಗಿರಾಕಿಗಳಿರಲಿಲ್ಲ. ಓದುವ ಕನ್ನಡಕದ ಪವರ್ ಸಾಲುತ್ತಿಲ್ಲ ಎಂದಳು. ಸೊಂಟನೋವಿನವರು ಚಕ್ಕನೆ ಬಗ್ಗಿ ಕೆಳಗಿನ ಖಾನೆಯಿಂದ ಲೆನ್ಸುಗಳ ಪೆಟ್ಟಿಗೆ ತೆಗೆದರು. ತೆಗೆದ ಮೇಲೆ ನೆನಪಾಗಿ ಸೊಂಟದ ಮೇಲೆ ಕೈ ಇಟ್ಟುಕೊಂಡರು. ಅವಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಭಾರದ ದುಂಡು ಚೌಕಟ್ಟನ್ನು ಮೂಗಿನ ಮೇಲೆ ಏರಿಸಿ, ಎಡಗಣ್ಣಿಗೆ ಕಪ್ಪು ಬಿಲ್ಲೆ ಹಾಕಿದರು.

"ಓದಿ. ಇದು ಸ್ಪಷ್ಟವಾ... ಇದಾ?"

ಜೇನಮ್ಮ ಗೋಡೆಯ ಮೇಲಿನ ಅಕ್ಷರಗಳನ್ನೇ ನೋಡುತ್ತಾ, ತನ್ನ ಕಚೇರಿಯ ದನಿಯಲ್ಲಿ ಹೇಳಿದಳು: "ನಮಸ್ಕಾರ. ಆರೋಗ್ಯ ಕಚೇರಿಯಿಂದ ಮಾತಾಡ್ತಿದ್ದೀನಿ. ಎರಡು ನಿಮಿಷ ಒಬ್ಬರೇ ಇರೋ ಕಡೆ ಬರೋಕೆ ಆಗುತ್ತಾ?"

ಅವರ ಕೈಯಲ್ಲಿದ್ದ ಲೆನ್ಸು ಅಲ್ಲೇ ನಿಂತಿತು.

"ದಾಖಲೆ ವಿಭಾಗ ಅಂದಿದ್ರಿ."

"ಸುಳ್ಳು ಹೇಳಿದ್ದೆ. ಫೋನ್ ಮಾಡೋಳು ನಾನೇ. ನಿಮ್ಮ ಚೀಟಿ ನನ್ನ ಕೈಗೇ ಬಂತು. ನನ್ನ ಬ್ಯಾಗಲ್ಲೇ ರಿಂಗಾಯ್ತು."

ಅವರು ಎದುರಿನ ಸ್ಟೂಲಿನ ಮೇಲೆ ಕೂತರು. "ಉರಿ ಶುರುವಾಯ್ತು. ಎರಡು ವಾರ ನೀರು ಕಮ್ಮಿ ಕುಡಿದಿದ್ದಕ್ಕೆ ಅಂದ್ಕೊಂಡೆ. ಆಮೇಲೆ ಹೋದೆ. ಇದು ಅಂದ್ರು. ನಾನು... ನಿಮಗೆ ಬೇರೆ ಯಾರೋ ಇದ್ದಾರೆ ಅಂದ್ಕೊಂಡೆ. ಫೋನ್ ಹೋದ ಮೇಲೆ ನೀವೇ ಬಂದು ಹೇಳ್ತೀರೇನೋ ಅಂತ ಕಾಯ್ತಿದ್ದೆ."

"ನಾನು ನೀವು ಹೇಳ್ತೀರೇನೋ ಅಂತ ಕಾಯ್ತಿದ್ದೆ. ನಿಮಗೆ ಬೇರೆ ಯಾರೋ ಇದ್ದಾರೆ ಅಂತ."

"ನನಗೆ ಯಾರೂ ಇಲ್ಲ."

"ನನಗೂ ಇಲ್ಲ."

"ಹಾಗಾದ್ರೆ ಯಾರಿಂದ ಬಂತು?" ಎಂದರು ಕನ್ನಡಕದವರು.

ಈ ಪ್ರಶ್ನೆಗೆ ಜೇನಮ್ಮನ ಬಳಿ ಒಂಬತ್ತು ವರ್ಷದ ಹಳೆಯ ಉತ್ತರವಿತ್ತು. ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ, ಕಪ್ಪು ಬಿಲ್ಲೆ ಹಾಕಿಕೊಂಡು ಒಂದೇ ಕಣ್ಣಲ್ಲಿ ಕೂತಿದ್ದ ಅವಳಿಗೆ ಮೊದಲ ಸಲ ಆ ಉತ್ತರವನ್ನು ತನಗೇ ಹೇಳಿಕೊಳ್ಳಬೇಕೆನಿಸಿತು. ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರುತ್ತದೆ. ಹೆಂಗಸರಿಗಂತೂ. ಕನ್ನಡಕದವರು ಸಿಗುವುದಕ್ಕೆ ಎರಡು ತಿಂಗಳು ಮುಂಚೆ ಕಚೇರಿಯವರು ಅವಳನ್ನು ಮೂರು ದಿನದ ತರಬೇತಿಗೆ ಬೇರೆ ಊರಿಗೆ ಕಳಿಸಿದ್ದರು. ಅಲ್ಲಿ ಪಾಠ ಮಾಡಿದ ಮೇಷ್ಟ್ರು ಊಟದ ಹೊತ್ತಿನಲ್ಲಿ ಚೆನ್ನಾಗಿ ನಗಿಸುತ್ತಿದ್ದರು. ಎರಡನೇ ದಿನ ಅವಳು ಅಗತ್ಯಕ್ಕಿಂತ ಹೆಚ್ಚು ನಕ್ಕಿದ್ದಳು, ರಾತ್ರಿ ತನ್ನ ಕೋಣೆಗೆ ಮರಳಿರಲಿಲ್ಲ. ಅದು ಅಲ್ಲಿಗೇ ಮುಗಿದಿತ್ತು. ಹೊಸ ಸಂಬಂಧ ಶುರುವಾದಾಗ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಕರಪತ್ರದ ಕೊನೇ ಪುಟದಲ್ಲಿ ಬರೆದಿದ್ದ ಅವಳು, ತಾನು ಮಾಡಿಸಿಕೊಂಡಿರಲಿಲ್ಲ.

"ನನ್ನಿಂದಲೇ ಬಂದಿರಬಹುದು" ಎಂದಳು. ಹೇಳಿದಳು, ಎಲ್ಲವನ್ನೂ.

ಕನ್ನಡಕದವರು ಕೇಳಿಸಿಕೊಂಡರು. ಆಮೇಲೆ ಪೆಟ್ಟಿಗೆಯ ಲೆನ್ಸುಗಳನ್ನು ಒಂದೊಂದಾಗಿ ಸಾಲಿಗೆ ಹೊಂದಿಸುತ್ತಾ, ತಮಗೂ ಅವಳಿಗಿಂತ ಒಂದು ವರ್ಷ ಹಿಂದೆ ಒಬ್ಬರ ಪರಿಚಯವಿತ್ತೆಂದರು. ಆಕೆ ಮದುವೆಯಾಗಿ ಊರು ಬಿಟ್ಟಿದ್ದರಂತೆ. "ನಾನೂ ಮಾಡಿಸಿರಲಿಲ್ಲ. ನನ್ನ ಮೇಲೆ ನನಗೆ ಅನುಮಾನವೇ ಬರಲಿಲ್ಲ ನೋಡಿ. ನಿಮ್ಮ ಮೇಲೆ ಮಾತ್ರ ಬಂತು."

ಅಲ್ಲಿಗೆ ಜಗಳವಾಡಬೇಕಿದ್ದ ಇಬ್ಬರಿಗೂ ಜಗಳಕ್ಕೆ ಹಿಡಿ ಸಿಗಲಿಲ್ಲ. ಆದರೂ ಅವಳು ಅಂಗಡಿಯಿಂದ ಸಿಟ್ಟಿನಲ್ಲೇ ಹೊರಬಂದಳು, ಅವರು ಸಿಟ್ಟಿನಲ್ಲೇ ಶಟರ್ ಎಳೆದರು. ನಾಲ್ಕು ದಿನ ಫೋನಿಲ್ಲ. ಐದನೇ ದಿನ ಅವರು ಮಾಡಿ, "ಕನ್ನಡಕ ರೆಡಿ ಇದೆ" ಅಂದರು. ಯಾವ ಪವರ್ ಹಾಕಿದರೋ ದೇವರಿಗೇ ಗೊತ್ತು; ಪರೀಕ್ಷೆ ಪೂರ್ತಿಯಾಗಿರಲೇ ಇಲ್ಲ.

ತರಬೇತಿ ಮೇಷ್ಟ್ರಿಗೆ ಕರೆ ಮಾಡಬೇಕೆಂದು ನಿಯಮವೇನೂ ಇರಲಿಲ್ಲ. ನಿಯಮ ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ಜೇನಮ್ಮ ಎರಡು ಸಲ ನಂಬರು ತೆಗೆದು ಎರಡು ಸಲ ಇಟ್ಟಳು. ಮುಂದಿನ ಕೋಣೆಯಲ್ಲಿ ಅಕ್ಕ ಯಾರಿಗೋ ರವಿಕೆಯ ತೋಳು ಕತ್ತರಿಸುವುದನ್ನು ಹೇಳಿಕೊಡುತ್ತಿದ್ದಳು. ಮೂರನೇ ಸಲ ಅವಳು ಮಾಡಿಯೇಬಿಟ್ಟಳು, ತನ್ನ ಸ್ವಂತ ಫೋನಿನಿಂದ, ತನ್ನ ಹೆಸರು ಹೇಳಿಕೊಂಡು. ಆದರೆ ಮುಂದಿನ ಮಾತು ಹೇಗೆ ಶುರುಮಾಡುವುದೆಂದು ತಿಳಿಯದೆ, ಅಭ್ಯಾಸಬಲದಿಂದ ಕಚೇರಿಯ ವಾಕ್ಯಗಳನ್ನೇ ಒಪ್ಪಿಸಿದಳು.

"ಬಹಳ ಚೆನ್ನಾಗಿದೆ!" ಎಂದರು ಮೇಷ್ಟ್ರು ಖುಷಿಯಿಂದ. "ಅಭ್ಯಾಸದ ಕರೆನಾ? ದನಿ ಇನ್ನೂ ಸುಧಾರಿಸಿದೆ. ಆದ್ರೆ ಮೊದಲನೇ ವಾಕ್ಯ ಆದ ಮೇಲೆ ಸ್ವಲ್ಪ ನಿಲ್ಲಿಸ್ಬೇಕು ನೋಡಿ, ಆ ಕಡೆಯವರಿಗೆ ಉಸಿರಾಡೋಕೆ ಟೈಮ್ ಕೊಡಬೇಕು."

"ಮೇಷ್ಟ್ರೇ, ಇದು ಅಭ್ಯಾಸದ ಕರೆ ಅಲ್ಲ."

ಆ ಕಡೆಯವರು ಉಸಿರಾಡಲು ಟೈಮ್ ತೆಗೆದುಕೊಂಡರು. ಸಾಕಷ್ಟು ತೆಗೆದುಕೊಂಡರು.

"ಯಾರು ನನ್ನ ನಂಬರ್ ಕೊಟ್ಟಿದ್ದು?" ಎಂದರು ಕಡೆಗೆ.

"ನೀವೇ. ಬೋರ್ಡಿನ ಮೇಲೆ ಬರೆದಿದ್ರಿ. ಮಾಡ್ತಿರೋದು ನಾನು, ನನ್ನ ಸಲುವಾಗಿ."

"ಅಲ್ಲಾ, ನನಗೆ ಯಾವ ತೊಂದರೆಯೂ ಇಲ್ಲವಲ್ಲ..."

"ಇರಲ್ಲ ಮೇಷ್ಟ್ರೇ. ಹೆಚ್ಚಿನವರಿಗೆ ಇರಲ್ಲ. ನೀವೇ ಪಾಠ ಮಾಡಿದ್ದು. ಒಂದು ಸಲ ಮಾಡಿಸಿಬಿಡಿ."

ಹತ್ತು ದಿನದ ಮೇಲೆ ಅವರಿಂದ ಒಂದು ಸಂದೇಶ ಬಂತು. ಫಲಿತಾಂಶದ ಫೋಟೋ, ಸೋಂಕು ಇಲ್ಲ. ಕೆಳಗೆ ಒಂದು ಸಾಲು: 'ಕಳೆದ ವರ್ಷ ಎದೆಸೋಂಕಿಗೆ ಇದೇ ಮಾತ್ರೆ ಎರಡು ವಾರ ನುಂಗಿದ್ದೆ. ಹಾಗಾಗಿ ಇದರಿಂದ ಏನೂ ತಿಳಿಯುವುದಿಲ್ಲ.' ಪ್ರಾಮಾಣಿಕ ಮನುಷ್ಯ. ಒಗಟು ಬಿಡಿಸಲು ಹೋಗಿ ಗಂಟು ಇನ್ನೊಂದು ಸುತ್ತು ಬಿಗಿಯಾದಂತಾಯಿತು.

ಕಚೇರಿಯಲ್ಲಿ ಅವಳು ದೊಡ್ಡ ಸಿಸ್ಟರ ಮುಂದೆ ರಿಜಿಸ್ಟರ್ ಇಟ್ಟು, ಆ ಗುರುತು ಹಾಕಿದ ಸಾಲು ತೋರಿಸಿ, ನಿಯಮ ಮುರಿದೆ ಎಂದಳು.

"ಗೊತ್ತು" ಎಂದರು ಸಿಸ್ಟರು, ಪುಟದಿಂದ ತಲೆಯೆತ್ತದೆ. "ನೀನು ರಿಸೀವರ್ ಇಟ್ಟ ಕ್ಷಣಕ್ಕೇ ನಿನ್ನ ಫೋನ್ ಸುಮ್ಮನಾಯ್ತಲ್ಲ. ನನಗೆ ಕಿವಿ ಇದೆ. ಮಾತ್ರೆ ಪೂರ್ತಿ ತಗೊಂಡ್ಯಾ?"

"ತಗೊಂಡೆ."

"ಹಾಗಿದ್ರೆ ಕೊನೇ ಕಾಲಮ್ಮಲ್ಲೂ ಗುರುತು ಹಾಕು. ಖಾಲಿ ಬಿಟ್ಟರೆ ಮೇಲಿನವರು ಕೇಳ್ತಾರೆ."

ಮೂರು ತಿಂಗಳಿಗೆ ಜೇನಮ್ಮನೂ ಕನ್ನಡಕದವರೂ ಒಟ್ಟಿಗೆ ಮರುಪರೀಕ್ಷೆಗೆ ಹೋದರು. ಈ ಸಲ ಹತ್ತಿರದ ಕ್ಲಿನಿಕ್ಕಿಗೆ, ಒಂದೇ ಬಸ್ಸಿನಲ್ಲಿ. ಕಾಯುವ ಬೆಂಚಿನ ಮೇಲೆ ಕೂತು ಅವರು ಕರಪತ್ರವನ್ನು ಕೈಚಾಚಿ ದೂರ ಹಿಡಿದು, ಹತ್ತಿರ ಹಿಡಿದು, "ಇಷ್ಟು ಸಣ್ಣ ಅಕ್ಷರ ಯಾರ್ರೀ ಹಾಕಿದ್ದು? ನಲವತ್ತು ದಾಟಿದವರಿಗೆ ಈ ಕಾಯಿಲೆ ಬರಲ್ವಾ?" ಎಂದು ಗೊಣಗಿದರು. ಬರೆದವಳು ಪಕ್ಕದಲ್ಲೇ ಇದ್ದಾಳೆಂದು ಗೊತ್ತಿದ್ದೇ ಗೊಣಗಿದ್ದು. ಇಬ್ಬರಿಗೂ ಸೋಂಕು ಹೋಗಿತ್ತು.

ಮಾತ್ರೆ ಕಳೆಯಲಾರದ್ದು ಒಂದಿಷ್ಟು ಉಳಿದಿತ್ತು. ಅವರು ಕೆಲವೊಮ್ಮೆ ಮಾತಿನ ನಡುವೆ ತಟ್ಟನೆ ಸುಮ್ಮನಾಗುತ್ತಿದ್ದರು. ಅವಳು, ಅವರ ಫೋನು ಮೊಳಗಿದಾಗ ಯಾರೆಂದು ನೋಡದಿರಲು ಕಷ್ಟಪಟ್ಟು ಬೇರೆ ಕಡೆ ತಿರುಗುತ್ತಿದ್ದಳು. ಆದರೆ ಸೊಂಟ ಹಿಡಿಯುವುದು, ನೆಗಡಿಯಾಗುವುದು ನಿಂತಿತ್ತು. ಸಿಗಲು ಮನಸ್ಸಿಲ್ಲದ ಭಾನುವಾರ ಅವರು "ಮನಸ್ಸಿಲ್ಲ" ಎನ್ನುತ್ತಿದ್ದರು. ಅದಕ್ಕೆ ಅವಳು ಬೇಸರಪಟ್ಟುಕೊಂಡು, ಮುಂದಿನ ಭಾನುವಾರ ಹೋಗುತ್ತಿದ್ದಳು.

ಆ ತಿಂಗಳಲ್ಲೇ ಕಚೇರಿಗೆ ಕರೆಯದೆಯೇ ಜನ ಬರಲು ಶುರುಮಾಡಿದರು. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೆರಡರ ಹೆಣ್ಣುಮಕ್ಕಳು. ಒಬ್ಬಳಂತೂ ಗಂಡನ ಕೈ ಹಿಡಿದು ಎಳೆದುಕೊಂಡು ಬಂದಳು. ಫಲಕವಿಲ್ಲದ ಕೋಣೆ ಹೇಗೆ ಸಿಕ್ಕಿತು ಎಂದು ದೊಡ್ಡ ಸಿಸ್ಟರು ಕೇಳಿದರೆ, "ಹೊಲಿಗೆ ಆಂಟಿ ಹೇಳಿದ್ರು, ಕೈ ತೊಳೆಯೋ ಜಾಗದ ಪಕ್ಕ ಅಂತ" ಎಂದರು.

ಶನಿವಾರ ಮಧ್ಯಾಹ್ನ ಬೇಗ ಮನೆಗೆ ಬಂದ ಜೇನಮ್ಮ ಮುಂದಿನ ಕೋಣೆಯ ಬಾಗಿಲಲ್ಲಿ ನಿಂತಳು. ಯಂತ್ರಗಳೆಲ್ಲ ನಿಂತಿದ್ದವು. ಅಕ್ಕ ಕತ್ತರಿ ಕೈಯಲ್ಲಿ ಹಿಡಿದು, ಜೇನಿನ ಹನಿಯೂ ಇಲ್ಲದ ದನಿಯಲ್ಲಿ ಹೇಳುತ್ತಿದ್ದಳು: "ನೋವಿಲ್ಲ ಅಂತ ಸುಮ್ಮನಿರಬೇಡಿ. ನಾನು ಸುಮ್ಮನಿದ್ದೆ. ಗಂಡ ಮಾತ್ರೆ ನುಂಗ್ತಿದ್ರೆ ಯಾಕೆ ಅಂತ ಕೇಳಿ. ಡಬ್ಬಿ ತೋರಿಸು ಅನ್ನಿ. ಹದಿನೈದು ದಿನ ಮಾತ್ರೆ ಇರುತ್ತೆ—"

"ಏಳು ದಿನ ಅಕ್ಕ" ಎಂದಳು ಜೇನಮ್ಮ ಬಾಗಿಲಿನಿಂದ.

ಹುಡುಗಿಯರೆಲ್ಲ ತಿರುಗಿ ನೋಡಿದರು. "ಬಾ, ನೀನೇ ಹೇಳು" ಎಂದು ಅಕ್ಕ ಒಂದು ಸ್ಟೂಲನ್ನು ಕಾಲಿನಿಂದ ತಳ್ಳಿದಳು.

ಫೋನಿಲ್ಲದೆ, ಇಷ್ಟು ಮುಖಗಳ ಎದುರು ಜೇನಮ್ಮ ಯಾವತ್ತೂ ಮಾತಾಡಿರಲಿಲ್ಲ. ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಮೊದಲ ವಾಕ್ಯ ಬಾಯಿಗೆ ಬಂತು, ಅದನ್ನು ನುಂಗಿಕೊಂಡಳು. "ಏಳು ದಿನ" ಎಂದಳು. "ಹಾಲಿನ ಜೊತೆ ನುಂಗಬಾರದು. ಹೊಟ್ಟೆ ಸ್ವಲ್ಪ ತೊಳಸಿದಂತಾಗುತ್ತೆ. ನನಗೆ ಮೂರನೇ ದಿನ ಆಯ್ತು."

ಯಾರೂ ಲೋಟ ಬೇರೆ ಇಡಲು ಏಳಲಿಲ್ಲ. ಹಿಂದಿನ ಸಾಲಿನಲ್ಲಿ ಕೊರಳಿಗೆ ಟೇಪು ಹಾಕಿಕೊಂಡಿದ್ದ ಹುಡುಗಿ ಕೈಯೆತ್ತಿ ಕೇಳಿದಳು: "ನಿಮಗೆ ಯಾರಿಂದ ಬಂತು ಆಂಟಿ?"

"ಗೊತ್ತಿಲ್ಲಮ್ಮ" ಎಂದಳು ಜೇನಮ್ಮ. "ಮೂರು ಜನ ಸೇರಿ ಯೋಚನೆ ಮಾಡಿದ್ವಿ. ಗೊತ್ತಾಗಲಿಲ್ಲ."

ಹುಡುಗಿಯರು ಬಿದ್ದು ಬಿದ್ದು ನಕ್ಕರು. ಅಕ್ಕ ಕತ್ತರಿಯಿಂದ ಮೇಜು ಕುಟ್ಟಿ, "ನಗು ಸಾಕು. ಕಾಜಾ ಹಾಕೋದು ಅರ್ಧಕ್ಕೇ ನಿಂತಿದೆ, ಮುಗಿಸಿ. ಕೇಳೋದಿದ್ದವರು ಒಬ್ಬೊಬ್ಬರೇ ಬಂದು ಇವಳ ಹತ್ರ ಕೇಳಿ" ಎಂದಳು. ಆರು ಯಂತ್ರಗಳು ಒಟ್ಟಿಗೆ ಸದ್ದು ಮಾಡತೊಡಗಿದವು. ಟೇಪಿನ ಹುಡುಗಿ ತನ್ನ ಸ್ಟೂಲನ್ನು ಎತ್ತಿಕೊಂಡು ಬಂದು ಜೇನಮ್ಮನ ಪಕ್ಕ ಹಾಕಿಕೊಂಡಳು.